ಹದಿನೈದು ಹುಣಸೆ ಬೀಜ, ಐದು ರಟ್ಟಿನ ಚೀಟಿ

ನಾಲ್ಕು ವರ್ಷದ ಮಗುವಿನ ಮುಂದೆ ಮೂರು ಬೀಜ ಇಟ್ಟು "ಎಷ್ಟಿದೆ ಪುಟ್ಟಾ?" ಎಂದು ಕೇಳಿ. ಎಷ್ಟೋ ಮಕ್ಕಳು ಬೀಜದ ಕಡೆ ನೋಡುವುದೇ ಇಲ್ಲ, ನಿಮ್ಮ ಮುಖ ನೋಡುತ್ತವೆ. "ನಾಲ್ಕು?" ಎನ್ನುತ್ತವೆ. ನಿಮ್ಮ ಹುಬ್ಬು ಒಂದಿಷ್ಟು ಮೇಲೇರಿದರೆ ಸಾಕು, "ಅಲ್ಲ, ಐದು... ಮೂರು!" ಎಂದು ತಿದ್ದಿಕೊಳ್ಳುತ್ತವೆ. ಉತ್ತರ ಸರಿ ಬಂತು, ಎಣಿಕೆ ಮಾತ್ರ ನಡೆಯಲೇ ಇಲ್ಲ. ಶಿಶುವಿಹಾರದಲ್ಲಿ ಆಟದ ಸಾಮಾನು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಕಾರಣ ಇದೇ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ಮಗು ಟೀಚರ್ ಮುಖ ನೋಡುವಂತಾಗಬಾರದು. ಕೈಯಲ್ಲಿರುವ ಸಾಮಾನೇ ಅದಕ್ಕೆ ತಿಳಿಸಿಕೊಡಬೇಕು.

ಇದು ಹೊಸ ವಿಚಾರವಲ್ಲ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸೊರಿ ಮಾಡಿಸಿದ ಮರದ ದಿಮ್ಮಿಗಳಲ್ಲಿ ಹತ್ತು ಗುಳಿ, ಅವಕ್ಕೆ ತಕ್ಕ ಹತ್ತು ಉರುಳೆಗಳಿದ್ದವು. ಒಂದನ್ನು ದೊಡ್ಡ ಗುಳಿಗೆ ಹಾಕಿಬಿಟ್ಟರೆ ಕೊನೆಗೆ ಉಳಿಯುವ ಉರುಳೆಗೆ ಜಾಗವೇ ಇರುವುದಿಲ್ಲ. ಯಾರೂ "ತಪ್ಪು" ಎನ್ನಬೇಕಾಗಿಲ್ಲ. ಆಕೆ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಕಳೆದು, ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟರು. ಆ ಮರದ ಸಾಮಾನು ಕೊಳ್ಳಲು ದುಬಾರಿ. ಅದರ ಹಿಂದಿನ ಉಪಾಯಕ್ಕೆ ಮಾತ್ರ ಖರ್ಚಿಲ್ಲ. ಈಗತಾನೇ ಅಂಗನವಾಡಿಗೋ ಎಲ್‌ಕೆಜಿಗೋ ಟೀಚರ್ ಆಗಿ ಸೇರಿದವರು, ಮನೆಯಲ್ಲಿ ಮೂರರಿಂದ ಆರು ವರ್ಷದ ಮಗು ಇರುವವರು ಅದನ್ನು ಅಡುಗೆಮನೆಯ ಸಾಮಾನಿನಲ್ಲೇ ಮಾಡಿಕೊಳ್ಳುವ ಬಗೆ ಇಲ್ಲಿದೆ.

ಹಂತ 1: ಸಾಮಾನು ಕೂಡಿಸಿ

ಹುಣಸೆ ಬೀಜ, ಹಳೆಯ ಲಗ್ನಪತ್ರಿಕೆ, ರಟ್ಟಿನ ಡಬ್ಬಿ, 30 ಮೊಟ್ಟೆಯ ಕಾಗದದ ಟ್ರೇ, ನೀರಿನ ಬಾಟಲಿಯ ಮುಚ್ಚಳ, ಸಣ್ಣ ರವೆ ಅಥವಾ ಜರಡಿ ಹಿಡಿದ ಮರಳು, ಅಂಚು ಇರುವ ಒಂದು ತಟ್ಟೆ, ಸ್ಕೆಚ್ ಪೆನ್, ಫೆವಿಕಾಲ್. ಇಷ್ಟಿದ್ದರೆ ಶುರು ಮಾಡಬಹುದು. ಲಗ್ನಪತ್ರಿಕೆಯನ್ನು ನಾನು ವಿಶೇಷವಾಗಿ ಹೇಳುತ್ತೇನೆ. ಗಟ್ಟಿ ಕಾಗದ, ಒಂದೇ ಮದುವೆಯವು ಹತ್ತಾರು ಸಿಕ್ಕರೆ ಎಲ್ಲವೂ ಒಂದೇ ಅಳತೆ. ಮುದ್ರಣದವರ ಹತ್ತಿರ ಕೇಳಿದರೆ ಮಿಕ್ಕವನ್ನು ಕೊಡುತ್ತಾರೆ.

ಹುಣಸೆ ಬೀಜ ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಇಲ್ಲದಿದ್ದರೆ ಹುಳು ಬಿದ್ದು ತೂತಾಗುತ್ತದೆ. ರವೆಯನ್ನು ವಾರಕ್ಕೊಮ್ಮೆ ಬದಲಾಯಿಸಿ, ಇರುವೆ ಬರುತ್ತದೆ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮೂರು ವರ್ಷದೊಳಗಿನ ಮಗು ಇರುವ ಕಡೆ ಬೀಜ, ಮುಚ್ಚಳ ಯಾವುದೂ ಬೇಡ. ಆಟಿಕೆಯ ಸುರಕ್ಷತೆ ಪರೀಕ್ಷಿಸುವವರು ಬಳಸುವ ಕೊಳವೆಯ ಬಾಯಿ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಪುಟ್ಟ ಮಗುವಿನ ಗಂಟಲಿಗೆ ಅಪಾಯ ಎಂದು ಲೆಕ್ಕ. ನೀರಿನ ಬಾಟಲಿಯ ಮುಚ್ಚಳ ಸುಮಾರು ಮೂರು ಸೆಂಟಿಮೀಟರ್ ಅಗಲ, ಅಂದರೆ ಅದೂ ಇಳಿಯುತ್ತದೆ. ಅಂಥ ಮನೆಯಲ್ಲಿ ಅಗಲ ಬಾಯಿಯ ಡಬ್ಬಿಗಳ ಮುಚ್ಚಳ ಬಳಸಿ. ಮೂರು ದಾಟಿದ ಮಕ್ಕಳಿಗೂ ಕಡಲೆ, ಶೇಂಗಾ ಎಣಿಸಲು ಕೊಡಬೇಡಿ, ಎಣಿಸುತ್ತ ಬಾಯಿಗೆ ಹಾಕಿಕೊಳ್ಳುತ್ತವೆ. ಗಡಿಯಾರದ ಸಣ್ಣ ಬ್ಯಾಟರಿ, ಅಯಸ್ಕಾಂತದ ಚೂರುಗಳು ಆಟದ ಡಬ್ಬಿಯ ಹತ್ತಿರವೂ ಸುಳಿಯಬಾರದು.

ಹಂತ 2: ಒಂದು ಆಟಕ್ಕೆ ಒಂದೇ ವಿಷಯ

ಹೊಸಬರು ಮಾಡುವ ಆಟಗಳು ಸಾಮಾನ್ಯವಾಗಿ ತುಂಬ ಚೆಂದ ಇರುತ್ತವೆ. ಬಣ್ಣ, ಅಂಕಿ, ಚಿತ್ರ, ಮಿಂಚಿನ ಕಾಗದ ಎಲ್ಲವೂ ಒಂದರಲ್ಲೇ. ಮಗುವಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಕೆಂಪು ಮುಚ್ಚಳದ ಮೇಲೆ 2, ನೀಲಿ ಮುಚ್ಚಳದ ಮೇಲೆ 3 ಬರೆದುಕೊಟ್ಟು ಅಂಕಿ ಜೋಡಿಸು ಅಂದರೆ, ಮಗು ಬಣ್ಣ ಜೋಡಿಸುತ್ತದೆ. ಅದು ಮಾಡಿದ್ದೂ ಸರಿಯೇ. ಅಂಕಿ ಕಲಿಸಬೇಕಿದ್ದರೆ ಎಲ್ಲ ಮುಚ್ಚಳವೂ ಒಂದೇ ಬಣ್ಣದವಿರಲಿ. ಬಣ್ಣ ಕಲಿಸಬೇಕಿದ್ದರೆ ಬಣ್ಣ ಒಂದು ಬಿಟ್ಟು ಬೇರೆಲ್ಲ ಒಂದೇ ರೀತಿ ಇರಲಿ.

ಕತ್ತರಿ ಹಿಡಿಯುವ ಮೊದಲು ಒಂದು ಚೀಟಿಯ ಮೇಲೆ "ಈ ಆಟ ಆಡಿದ ಮಗುವಿಗೆ ಏನು ಬರಬೇಕು?" ಎಂಬುದಕ್ಕೆ ಒಂದೇ ಸಾಲಿನ ಉತ್ತರ ಬರೆದುಕೊಳ್ಳಿ. ಎರಡನೇ ಸಾಲಿನಲ್ಲಿ "ತಪ್ಪಾದರೆ ಅದಕ್ಕೆ ಹೇಗೆ ಗೊತ್ತಾಗುತ್ತದೆ?" ಎಂಬುದಕ್ಕೆ. ಎರಡನೇ ಸಾಲು ಖಾಲಿ ಉಳಿದರೆ ಆಟ ಇನ್ನೂ ಸಿದ್ಧವಾಗಿಲ್ಲ.

ಹಂತ 3: ಮೊದಲ ಆಟ, ಬೀಜ ಮತ್ತು ಚೀಟಿ

ಬೇರೆ ಯಾವುದನ್ನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಲಗ್ನಪತ್ರಿಕೆಯಿಂದ ಅಂಗೈ ಅಗಲದ ಐದು ಚೀಟಿ ಕತ್ತರಿಸಿ. ಮುಂಭಾಗದಲ್ಲಿ 1ರಿಂದ 5ರವರೆಗೆ ದಪ್ಪನಾಗಿ ಅಂಕಿ ಬರೆಯಿರಿ. ಮನೆಯ ಮಾತು, ಊರಿನ ಫಲಕ ನೋಡಿಕೊಂಡು ಕನ್ನಡ ಅಂಕಿಯೋ ಇಂಗ್ಲಿಷ್ ಅಂಕಿಯೋ ಯಾವುದಾದರೂ ಒಂದು, ಎರಡೂ ಒಟ್ಟಿಗೆ ಬೇಡ. ಹಿಂಭಾಗದಲ್ಲಿ ಆ ಅಂಕಿಗೆ ತಕ್ಕಷ್ಟು ವೃತ್ತ ಎಳೆಯಿರಿ. ವೃತ್ತವನ್ನು ಹುಣಸೆ ಬೀಜ ಇಟ್ಟು ಅದರ ಸುತ್ತಲೇ ಎಳೆದರೆ ಬೀಜ ಅದರಲ್ಲಿ ಸರಿಯಾಗಿ ಕೂರುತ್ತದೆ.

ಒಂದರಿಂದ ಐದರವರೆಗೆ ಕೂಡಿದರೆ ಹದಿನೈದು. ಆದ್ದರಿಂದ ಬೀಜ ಕೊಡುವುದು ಸರಿಯಾಗಿ 15, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಮೊಟ್ಟೆ ಟ್ರೇಯಲ್ಲಿ ಐದರಂತೆ ಆರು ಸಾಲು ಗುಳಿ ಇರುತ್ತವೆ. ಮೂರು ಸಾಲಿಗೆ ಕತ್ತರಿಸಿದರೆ ನಿಮಗೆ ಸಿಗುವುದೂ ಹದಿನೈದೇ ಗುಳಿ. ಅದೇ ಬೀಜದ ಮನೆ. ಆಟ ಮುಗಿದ ಮೇಲೆ ಗುಳಿಗೊಂದು ಬೀಜ. ಒಂದು ಗುಳಿ ಖಾಲಿ ಉಳಿದರೆ ಮಗುವೇ ಚಾಪೆ ಎತ್ತಿ ಹುಡುಕಲು ಶುರುಮಾಡುತ್ತದೆ. ನಿಮಗೂ ಬೀಜ ಯಾರ ಬಾಯಿಗೂ ಹೋಗಿಲ್ಲ ಎಂಬ ಖಾತ್ರಿ.

ತೋರಿಸಿಕೊಡುವ ಕ್ರಮ ಹೀಗೆ. ಮಗುವಿನ ಎದುರಿಗಲ್ಲ, ಪಕ್ಕದಲ್ಲಿ ಕೂತುಕೊಳ್ಳಿ. ಎದುರಿಗೆ ಕೂತರೆ ಅಂಕಿ ಒಬ್ಬರಿಗೆ ತಲೆಕೆಳಗಾಗುತ್ತದೆ, ಮೇಲಾಗಿ ಮತ್ತೆ ನಿಮ್ಮ ಮುಖವೇ ಕಾಣುತ್ತದೆ. ಚೀಟಿಗಳನ್ನು ಅಂಕಿ ಮೇಲಾಗಿ ಸಾಲಾಗಿಡಿ. 1ರ ಕೆಳಗೆ ಒಂದು ಬೀಜ, 2ರ ಕೆಳಗೆ ಎರಡು, 3ರ ಕೆಳಗೆ ಮೂರು, ನಿಧಾನವಾಗಿ, ಎಣಿಕೆ ಒಂದು ಬಿಟ್ಟು ಬೇರೆ ಮಾತಿಲ್ಲದೆ. ಆಮೇಲೆ 3ರ ಚೀಟಿ ತಿರುವಿ, ಅದರ ಬೀಜಗಳನ್ನು ಒಂದೊಂದಾಗಿ ವೃತ್ತದಲ್ಲಿಡಿ. ವೃತ್ತವೂ ಉಳಿಯಲಿಲ್ಲ, ಬೀಜವೂ ಉಳಿಯಲಿಲ್ಲ ಎಂಬುದನ್ನು ಮಗು ನೋಡಲಿ. ಎಲ್ಲ ತೆಗೆದು ಮಗುವಿನ ಕಡೆ ಸರಿಸಿ. ಇನ್ನು ನಿಮ್ಮ ಎರಡೂ ಕೈ ನಿಮ್ಮ ಮಡಿಲಲ್ಲಿರಬೇಕು.

ಅದೇ ಎಲ್ಲಕ್ಕಿಂತ ಕಷ್ಟ. ಮಗು 4ರ ಕೆಳಗೆ ಐದು ಬೀಜ ಇಡುತ್ತದೆ, ನಾಲಿಗೆ ತುದಿಯವರೆಗೆ ಮಾತು ಬಂದಿರುತ್ತದೆ. ತಡೆದುಕೊಳ್ಳಿ. ಅದು 5ರ ಚೀಟಿಗೆ ಬಂದಾಗ ಟ್ರೇಯಲ್ಲಿ ಉಳಿದಿರುವುದು ನಾಲ್ಕೇ. ಕೈ ನಿಲ್ಲುತ್ತದೆ. ಖಾಲಿ ಟ್ರೇ ನೋಡುತ್ತದೆ, ತೊಡೆಯ ಕೆಳಗೆ ತಡವುತ್ತದೆ, ಮತ್ತೆ ಸಾಲನ್ನು ಮೊದಲಿನಿಂದ ನೋಡುತ್ತ ಬರುತ್ತದೆ. ಒಂದೊಂದೇ ಚೀಟಿ ತಿರುವಿ 4ರ ಹತ್ತಿರ ಬಂದಾಗ ಒಂದು ಬೀಜ ವೃತ್ತದ ಹೊರಗೆ ನಿಲ್ಲುತ್ತದೆ. "ಓ!" ಎನ್ನುತ್ತದೆ. ಆ "ಓ" ನೀವು ಹೇಳಿಕೊಟ್ಟು ಬರುವಂಥದ್ದಲ್ಲ.

ಈ ಆಟ ಆಡುವಾಗ ಮೂರು ಬಗೆಯ ಮಕ್ಕಳು ನಿಮಗೆ ಕಾಣುತ್ತಾರೆ. ಕೆಲವರ ಬಾಯಿ ಬೆರಳಿಗಿಂತ ಮುಂದೆ ಓಡುತ್ತದೆ. ಮೂರು ಬೀಜ ಮುಟ್ಟುವಷ್ಟರಲ್ಲಿ "ಐದು" ಎಂದಾಗಿರುತ್ತದೆ. ಇವರಿಗೆ ಬೀಜವನ್ನು ಮುಟ್ಟಿ ಎಣಿಸುವುದರ ಬದಲು, ಎತ್ತಿ ಇನ್ನೊಂದು ಬಟ್ಟಲಿಗೆ ಹಾಕುತ್ತ ಎಣಿಸಲು ಕೊಡಿ. ಕೈಗೆ ಹೊತ್ತು ಹಿಡಿಯುವುದರಿಂದ ಬಾಯಿ ತಾನಾಗಿ ನಿಧಾನವಾಗುತ್ತದೆ. ಇನ್ನು ಕೆಲವರು ಸರಿಯಾಗಿ ಎಣಿಸುತ್ತಾರೆ, ಆದರೆ "ಹಾಗಾದರೆ ಒಟ್ಟು ಎಷ್ಟು?" ಎಂದರೆ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಅವರಿಗೆ ಇನ್ನೂ ಹೊಳೆದಿಲ್ಲ. ಮನಶ್ಶಾಸ್ತ್ರಜ್ಞರಾದ ರೋಶೆಲ್ ಗೆಲ್‌ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ 1978ರ ತಮ್ಮ ಪುಸ್ತಕದಲ್ಲಿ ಎಣಿಕೆಯ ತತ್ವಗಳನ್ನು ಬಿಡಿಸಿಟ್ಟಾಗ ಇದನ್ನೂ ಒಂದಾಗಿ ಸೇರಿಸಿದರು. ಅಂದರೆ ಹತ್ತರವರೆಗೆ ಹಾಡುವುದು ಬೇರೆ, ಒಂದೊಂದಕ್ಕೆ ಒಂದೊಂದು ಹೆಸರು ಕೊಡುವುದು ಬೇರೆ, ಒಟ್ಟು ಹೇಳುವುದು ಬೇರೆ. ಇಂಥ ಮಗುವಿನ ಹತ್ತಿರ ಕೇಳಬೇಕಾದ್ದು "ಎಷ್ಟಿದೆ?" ಎಂದಲ್ಲ, "ನನಗೆ ಮೂರು ಬೀಜ ಕೊಡು" ಎಂದು. ಮೂರು ಕೊಟ್ಟು ನಿಲ್ಲಿಸಿದರೆ ಮೂರು ಅದಕ್ಕೆ ಬಂದಿದೆ. ಹಿಡಿ ತುಂಬ ಕೊಟ್ಟರೆ ಇನ್ನೂ ಎರಡರಲ್ಲೇ ಆಡಲಿ. ಮೂರನೇ ಬಗೆಯವರು ಎಲ್ಲವನ್ನೂ ಸಲೀಸಾಗಿ ಮುಗಿಸಿ ಬೀಜದಲ್ಲಿ ಹಾವು ಮಾಡುತ್ತ ಕೂತಿರುತ್ತಾರೆ. ಅವರಿಗೆ 6ರಿಂದ 10ರ ಚೀಟಿ ಸೇರಿಸಿ, ಬೀಜ 55 ಆಗಬೇಕು.

ಹಂತ 4: ರವೆ ತಟ್ಟೆಯ ಅಕ್ಷರ

ತಟ್ಟೆಯ ತಳಕ್ಕೆ ಗಾಢ ಬಣ್ಣದ ಕಾಗದ ಅಂಟಿಸಿ, ಮೇಲೆ ರವೆ ತೆಳುವಾಗಿ ಹರಡಿ. ಬೆರಳು ಎಳೆದ ಕಡೆ ತಳದ ಬಣ್ಣ ಎದ್ದು ಕಾಣಬೇಕು. ದಪ್ಪ ಹಾಕಿದರೆ ಗೆರೆ ಕುಸಿದು ಮುಚ್ಚಿಹೋಗುತ್ತದೆ. ತಟ್ಟೆ ಒಮ್ಮೆ ಅಲುಗಾಡಿಸಿದರೆ ಬರೆದದ್ದೆಲ್ಲ ಮಾಯ, ಮತ್ತೆ ಬರೆಯಬಹುದು. ಸ್ಲೇಟಿನ ಮೇಲೆ ಒರೆಸಿ ಒರೆಸಿ ಅಳುವ ಮಕ್ಕಳು ಇದರ ಮುಂದೆ ಅಳುವುದಿಲ್ಲ.

ಜೊತೆಗೆ ಮಾದರಿ ಅಕ್ಷರ ಬೇಕು. ರಟ್ಟಿನ ಮೇಲೆ ಅಕ್ಷರವನ್ನು ಫೆವಿಕಾಲಿನಿಂದ ಬರೆದು, ಅದರ ಮೇಲೆ ದಪ್ಪ ದಾರ ಕೂರಿಸಿ ಒಣಗಿಸಿ. ಶುರು ಮಾಡುವ ಜಾಗದಲ್ಲಿ ಒಂದು ಕೆಂಪು ಚುಕ್ಕೆ. ಮಗು ಎರಡು ಬೆರಳಿನಿಂದ ದಾರ ಸವರುತ್ತ ಅಕ್ಷರ ಹೇಳುತ್ತದೆ, ಆಮೇಲೆ ರವೆಯಲ್ಲಿ ಬರೆಯುತ್ತದೆ. ಬೆರಳು ದಾರ ಬಿಟ್ಟು ಜಾರಿದರೆ ಬೆರಳಿಗೇ ಗೊತ್ತಾಗುತ್ತದೆ.

ಯಾವ ಅಕ್ಷರದಿಂದ ಶುರು? ವರ್ಣಮಾಲೆಯ ಕ್ರಮ ಬಾಯಿಪಾಠಕ್ಕೆ ಚೆನ್ನ, ಬರವಣಿಗೆಗಲ್ಲ. ಆ, ಇ, ಈ, ಋ ಮೊದಲೇ ಬಂದರೆ ಪುಟ್ಟ ಕೈ ಸೋಲುತ್ತದೆ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ತಿರುವು ಸುಲಭ. ಈ ಐದರಲ್ಲೇ ಸರ, ರಸ, ಅರಸ, ಅಗಸ, ಗರಗಸ ಎಂದು ಓದಲು ಪದಗಳೂ ಸಿಗುತ್ತವೆ. ಅಕ್ಷರ ಕಲಿತ ವಾರವೇ ಓದಿದ ಖುಷಿ ಮಗುವಿಗೆ ಸಿಗುವುದು ಸಣ್ಣ ಮಾತಲ್ಲ.

ಪದಕ್ಕೂ ತಾನೇ ತಿದ್ದಿಕೊಳ್ಳುವ ಆಟ ಮಾಡಬಹುದು. ಉದ್ದನೆಯ ರಟ್ಟಿನ ಮೇಲರ್ಧದಲ್ಲಿ ಕಿರೀಟ ಹಾಕಿ ಮಲಗಿದ ಅರಸನ ಚಿತ್ರ, ಕೆಳಗೆ ಅ, ರ, ಸ. ಮೂರು ತುಂಡಾಗಿ ಕತ್ತರಿಸಿ. ಅಕ್ಷರ ಅದಲುಬದಲಾದರೆ ಅರಸನ ಕಾಲು ತಲೆಯ ಹತ್ತಿರ ಬರುತ್ತದೆ, ಮಕ್ಕಳು ಬಿದ್ದು ಬಿದ್ದು ನಕ್ಕು ತಾವೇ ಸರಿಮಾಡುತ್ತಾರೆ.

ಹಂತ 5: ಕೆರೆ-ದಡ

ಕೂತು ಆಡುವ ಆಟದ ನಡುವೆ ಮೈ ಆಡಬೇಕು. ನೆಲದ ಮೇಲೆ ಸುಣ್ಣದಲ್ಲಿ ದೊಡ್ಡ ವೃತ್ತ. "ಕೆರೆ" ಎಂದರೆ ಒಳಗೆ ಜಿಗಿತ, "ದಡ" ಎಂದರೆ ಹೊರಗೆ. ಒಳಗೆ ನಿಂತಿರುವಾಗಲೇ ಮತ್ತೆ "ಕೆರೆ" ಎಂದಾಗ ಜಿಗಿಯದೆ ತಡೆದುಕೊಳ್ಳುವುದಿದೆಯಲ್ಲ, ನಾಲ್ಕು ವರ್ಷದವರಿಗೆ ಅದು ದೊಡ್ಡ ಕೆಲಸ. ನಾವು ಆಡುತ್ತಿದ್ದ ಆಟದಲ್ಲಿ ತಪ್ಪಿದವರು ಔಟ್. ಶಿಶುವಿಹಾರದಲ್ಲಿ ಅದನ್ನು ಬಿಡಿ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಮೊದಲು ಮೂಲೆಗೆ ಹೋಗಿ ಸುಮ್ಮನೆ ಕೂರುವಂತಾಗುತ್ತದೆ. ತಪ್ಪಿದವರು ಮುಂದಿನ ಸರದಿಗೆ "ಕೆರೆ, ದಡ" ಕೂಗುವವರಾಗಲಿ.

ಹಂತ 6: ಚೌಕಾಬಾರಕ್ಕೆ ಮುಂಚಿನ ಆಟ

ಚೌಕಾಬಾರ ಐದು ವರ್ಷದೊಳಗಿನವರಿಗೆ ಕಷ್ಟ. ದಾರಿ ಸುತ್ತಿ ಸುತ್ತಿ ಒಳಗೆ ಹೋಗುತ್ತದೆ, ಕಾಯಿ ಹೊಡೆಯುವುದು ಬೇರೆ. ಅದಕ್ಕೆ ಮುಂಚೆ ನೇರ ದಾರಿ ಸಾಕು. ರಟ್ಟಿನ ಮೇಲೆ ಒಂದೇ ಸಾಲಿನಲ್ಲಿ ಹತ್ತು ಮನೆ, ಎಡದಿಂದ 1ರಿಂದ 10. ದಾಳವೂ ಹುಣಸೆ ಬೀಜದ್ದೇ: ಎರಡು ಬೀಜಗಳ ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ಕಪ್ಪು ಸಿಪ್ಪೆ ಹೋಗಿ ಬಿಳಿ ಕಾಣುವವರೆಗೆ ಉಜ್ಜಿ. ಬೀಜ ಬಿಸಿಯಾಗುತ್ತದೆ, ನಡುನಡುವೆ ನಿಲ್ಲಿಸಿ ಉಜ್ಜಬೇಕು. ಈ ಕೆಲಸ ಮಕ್ಕಳಿಗೇ ಕೊಟ್ಟರೆ ಇನ್ನೂ ಒಳ್ಳೆಯದು, ಬೆರಳಿಗೆ ಬಲ ಬರುತ್ತದೆ. ಎಸೆದಾಗ ಒಂದು ಬಿಳಿ ಬಿದ್ದರೆ ಒಂದು ಮನೆ, ಎರಡು ಬಿಳಿ ಬಿದ್ದರೆ ಎರಡು. ಎರಡೂ ಕಪ್ಪಾದರೆ ಮತ್ತೆ ಎಸೆತ.

ಒಂದು ನಿಯಮ ಮಾತ್ರ ಬಿಡಬೇಡಿ. 4ರ ಮನೆಯಲ್ಲಿರುವ ಕಾಯಿ ಎರಡು ಮುಂದೆ ಹೋಗುವಾಗ ಮಗು "ಒಂದು, ಎರಡು" ಎನ್ನಬಾರದು, "ಐದು, ಆರು" ಎನ್ನಬೇಕು. ಅಮೆರಿಕದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಇಂಥದೇ ಹತ್ತು ಮನೆಯ ನೇರ ಹಲಗೆಯನ್ನು ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಆಡಿಸಿ ನೋಡಿ, ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ಬರುತ್ತದೆ ಎಂಬ ತಿಳಿವು ಚೆನ್ನಾಗಿ ಬೆಳೆದದ್ದನ್ನು 2008ರಲ್ಲಿ ಪ್ರಕಟಿಸಿದರು. ಮನೆಗಳಿಗೆ ಅಂಕಿಯ ಬದಲು ಬಣ್ಣ ಮಾತ್ರ ಇದ್ದ ಹಲಗೆಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ.

ಹಂತ 7: ಊಟದ ಹೊತ್ತಿನ ಗಣಿತ

ಆಟ ಎಂದು ಬೇರೆಯಾಗಿ ಹೊತ್ತು ಸಿಗದ ದಿನಗಳೇ ಹೆಚ್ಚು. ದಿನದ ಕೆಲಸವನ್ನು ಮಕ್ಕಳ ಕೈಗೆ ಬಿಟ್ಟುಕೊಡಿ. ತಟ್ಟೆ ಹಂಚುವುದು ನನಗೆ ಎಲ್ಲಕ್ಕಿಂತ ಇಷ್ಟದ ಪಾಠ.

"ಮಿಸ್, ಒಂದು ತಟ್ಟೆ ಮಿಕ್ತು."

"ಹೌದಾ? ಯಾಕೆ ಮಿಕ್ತು ನೋಡು."

ಮಗು ಸಾಲಿನುದ್ದಕ್ಕೂ ನಡೆದು ನೋಡುತ್ತದೆ. ಎಲ್ಲರ ಮುಂದೆಯೂ ತಟ್ಟೆ ಇದೆ. ಮತ್ತೆ ಕೈಯಲ್ಲಿರುವ ತಟ್ಟೆ ನೋಡುತ್ತದೆ. "ಪುಟ್ಟಿ ಬಂದಿಲ್ಲ ಇವತ್ತು! ಅವಳ್ದು ಇದು."

ಒಂದಕ್ಕೊಂದು ಹೊಂದಿಸುವುದು, ಕಳೆಯುವುದು, ಗೆಳತಿಯನ್ನು ನೆನೆಯುವುದು ಎಲ್ಲ ಅಲ್ಲಿ ಆಗಿಹೋಯಿತು. ಸಹಾಯಕಿ ಅಕ್ಕ ಹಂಚಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು ನಿಜ. ಆ ಅವಸರವನ್ನು ಅವರ ಜೊತೆ ಮೊದಲೇ ಮಾತಾಡಿ ಬಗೆಹರಿಸಿಕೊಳ್ಳಿ.

ಬಾಗಿಲ ಬಳಿ ಚಪ್ಪಲಿಯ ಜೋಡಿ ಜೋಡಿ ಪಾದದ ಗುರುತು ಬರೆಯಿರಿ, ಎಡ-ಬಲ ತಾನೇ ಬರುತ್ತದೆ. ನೀರು ಬಗ್ಗಿಸುವ ಲೋಟಕ್ಕೆ ಒಂದು ಗೆರೆ, ಪಕ್ಕದಲ್ಲಿ ಒರೆಸುವ ಬಟ್ಟೆ. ಚೆಲ್ಲಿದ ನೀರೇ ಹೇಳುತ್ತದೆ ಕೈ ಎಲ್ಲಿ ತಪ್ಪಿತು ಎಂದು. ಮೊಟ್ಟೆ ಕೊಡುವ ದಿನ ಸಿಪ್ಪೆ ಬಿಡಿಸುವುದು ಮಕ್ಕಳದೇ ಕೆಲಸವಾಗಲಿ, ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಅದಕ್ಕಿಂತ ಒಳ್ಳೆಯ ಕಸರತ್ತು ನನಗೆ ಗೊತ್ತಿಲ್ಲ.

ಹಂತ 8: ನೋಡಿ, ಬರೆದಿಡಿ, "ಗುಡ್" ಕಡಿಮೆ ಮಾಡಿ

ಪ್ರತಿ ಸಲ "ವೆರಿ ಗುಡ್!" ಎಂದರೆ ಮಗು ಮತ್ತೆ ನಿಮ್ಮ ಮುಖಕ್ಕೇ ಕಾಯಲು ಕಲಿಯುತ್ತದೆ. ಕಂಡದ್ದನ್ನು ಹೇಳಿ: "ಬೀಜ ಮಿಕ್ಕಾಗ ನೀನು ಮೊದಲಿನಿಂದ ನೋಡಿದೆ." ಅಷ್ಟು ಸಾಕು, ಮಗು ಅರಳುತ್ತದೆ. ಒಂದು ಸಣ್ಣ ನೋಟ್‌ಬುಕ್‌ನಲ್ಲಿ ದಿನಕ್ಕೆ ನಾಲ್ಕೈದು ಮಕ್ಕಳ ಬಗ್ಗೆ ಒಂದೊಂದು ಸಾಲು ಬರೆಯಿರಿ. ಎಲ್ಲರನ್ನೂ ಒಂದೇ ದಿನ ನೋಡಲು ಹೊರಟರೆ ಯಾರನ್ನೂ ನೋಡಿದಂತಾಗುವುದಿಲ್ಲ. "ಮೂರರವರೆಗೆ ಕೊಡುತ್ತಾನೆ", "ಗ ಮತ್ತು ಸ ಬೆರಸುತ್ತಾಳೆ", "ಸರದಿಗೆ ಕಾದ". ಆಟ ಯಾವಾಗ ಬದಲಾಯಿಸಬೇಕೆಂದು ಈ ಸಾಲುಗಳೇ ಹೇಳುತ್ತವೆ. ಯಾರೂ ಮುಟ್ಟದ ಡಬ್ಬಿಯನ್ನು ತೆಗೆದಿಟ್ಟು ತಿಂಗಳ ಮೇಲೆ ಹೊರತೆಗೆಯಿರಿ, ಹೊಸದರಂತೆ ಮುಗಿಬೀಳುತ್ತಾರೆ.

ಹಂತ 9: ಮನೆಗೆ ಕಳಿಸಿ

"ಇವತ್ತು ಏನು ಬರೆಸಿದ್ರಿ ಮಿಸ್?" ಎಂಬ ಪ್ರಶ್ನೆ ಗೇಟಿನ ಹತ್ತಿರ ಬಂದೇ ಬರುತ್ತದೆ. ದುಡ್ಡು ಕೊಟ್ಟು ಕಳಿಸುವ ತಂದೆತಾಯಿಗೆ ಖಾಲಿ ನೋಟ್‌ಬುಕ್ ಕಂಡರೆ ಆತಂಕವಾಗುವುದು ಸಹಜ, ಅವರ ಮೇಲೆ ಬೇಸರಪಡಬೇಡಿ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರಿಗೆ ಆಟವೇ ಕಲಿಕೆಯ ದಾರಿ ಎಂದು ಹೇಳಿದೆ ಎಂದು ತಿಳಿಸಿ. ಆದರೆ ಮಾತಿಗಿಂತ ಹೆಚ್ಚು ಒಪ್ಪಿಸುವುದು ಆಟವೇ. ಐದು ಚೀಟಿ, ಹದಿನೈದು ಬೀಜ, ಗುಳಿಯ ತುಂಡು ಒಂದು ಬಟ್ಟೆ ಚೀಲದಲ್ಲಿ ಹಾಕಿ ಶುಕ್ರವಾರ ಒಬ್ಬ ಮಗುವಿನ ಮನೆಗೆ, ಮುಂದಿನ ಶುಕ್ರವಾರ ಇನ್ನೊಬ್ಬರ ಮನೆಗೆ. ಚೀಲದೊಳಗೆ ಒಂದು ಚೀಟಿಯಲ್ಲಿ ಮೂರೇ ಸೂಚನೆ ಬರೆದಿಡಿ: ಪಕ್ಕದಲ್ಲಿ ಕೂತುಕೊಳ್ಳಿ. ತಪ್ಪು ಎನ್ನಬೇಡಿ, ಕೊನೆಯ ಚೀಟಿಯವರೆಗೆ ಕಾಯಿರಿ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಅದು ಮಲಗಿದ ಮೇಲೆ ಆಡಿ, ಬೀಜ ಎಣಿಸಿ ಚೀಲ ಕಟ್ಟಿ.